ಕಲಬುರಗಿ–ಬೀದರ್ ಇಮೇಲ್ ಕ್ಲಸ್ಟರ್: ಕೇಬಲ್ ಕಡಿದಾಗ ಎರಡೂ ಸರ್ವರ್‌ಗಳು ಪ್ರೈಮರಿಯಾದವು, ಮುಂದಿನ ದಾರಿ ಯಾವುದು?

ತೊಗರಿನಾಡು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್ ಮತ್ತು ಯಾದಗಿರಿಗಳಲ್ಲಿ ಕಾಲೇಜುಗಳನ್ನು ನಡೆಸುವ ಶಿಕ್ಷಣ ಸಂಸ್ಥೆಯೊಂದರ ಇಮೇಲ್ ವ್ಯವಸ್ಥೆಯನ್ನು ಈ ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಅದನ್ನು ಕಟ್ಟಿಕೊಟ್ಟವರು ಹೊರಗಿನ ಗುತ್ತಿಗೆದಾರರು. ಕಲಬುರಗಿಯ ಮುಖ್ಯ ಆವರಣದಲ್ಲಿ ಒಂದು ಸರ್ವರ್, ಬೀದರ್ ಕಾಲೇಜಿನಲ್ಲಿ ಇನ್ನೊಂದು ಸರ್ವರ್ ಇದೆ. ಎರಡರಲ್ಲೂ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಮತ್ತು ಮೇಲ್‌ಬಾಕ್ಸ್ ತೆರೆದು ಕೊಡುವ ಡವ್‌ಕಾಟ್ ಇವೆ; ಬಳಕೆದಾರರ ಖಾತೆಗಳು ಮಾರಿಯಾಡಿಬಿ ಡೇಟಾಬೇಸಿನಲ್ಲಿ, ಮೇಲ್‌ಗಳು ಮೇಲ್‌ಡಿರ್ ರೂಪದಲ್ಲಿ ಇವೆ. ಖಾತೆಗಳ ಡೇಟಾಬೇಸ್ ಮತ್ತು ಮೇಲ್‌ಗಳು ಎರಡೂ ಡಿಆರ್‌ಬಿಡಿ ಡಿಸ್ಕ್‌ನ ಮೇಲಿದ್ದು, ಒಂದು ಊರಿನಲ್ಲಿ ಬರೆದದ್ದು ಇನ್ನೊಂದು ಊರಿಗೆ ನಕಲಾಗುತ್ತದೆ. ಯಾವ ಸರ್ವರ್ ಪ್ರೈಮರಿ, ಅಂದರೆ ಬರೆಯುವ ಹಕ್ಕುಳ್ಳದ್ದು, ಎಂಬುದನ್ನು ಕ್ಲಸ್ಟರ್ ತಂತ್ರಾಂಶಗಳಾದ ಪೇಸ್‌ಮೇಕರ್ ಮತ್ತು ಕೊರೊಸಿಂಕ್ ತೀರ್ಮಾನಿಸುತ್ತವೆ.

ಕಳೆದ ವಾರ ರಸ್ತೆ ಅಗೆಯುವಾಗ ಕೇಬಲ್ ಕಡಿದು, ಎರಡೂ ಊರುಗಳ ನಡುವಿನ ನಮ್ಮ ಖಾಸಗಿ ಲಿಂಕ್ ಅರ್ಧ ದಿನ ನಿಂತುಹೋಯಿತು. ಆದರೆ ಇಂಟರ್ನೆಟ್ ಎರಡೂ ಕಡೆ ಚೆನ್ನಾಗಿಯೇ ಇತ್ತು. ಕಲಬುರಗಿ ಸತ್ತಿದೆ ಎಂದು ಭಾವಿಸಿ ಬೀದರ್ ಸರ್ವರ್ ತಾನೇ ಪ್ರೈಮರಿ ಆಯಿತು. ಕಲಬುರಗಿಯ ಸರ್ವರ್ ತನ್ನ ಪಾಡಿಗೆ ತಾನು ಪ್ರೈಮರಿಯಾಗಿಯೇ ಉಳಿಯಿತು. ಹೊರಗಿನ ಮೇಲ್ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಯಲ್ಲಿ ಎರಡೂ ಹೆಸರುಗಳಿಗೆ ಸಮಾನ ಆದ್ಯತೆ ಇರುವುದರಿಂದ ಹೊರಗಿನ ಮೇಲ್‌ಗಳು ಎರಡೂ ಕಡೆ ಹಂಚಿಹೋದವು. ಪರೀಕ್ಷಾ ವಿಭಾಗದ ಒಂದೇ ಸುತ್ತೋಲೆಗೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ, ಕೆಲವು ಅಲ್ಲಿವೆ. ಲಿಂಕ್ ಮರಳಿದ ಮೇಲೆ ಡಿಆರ್‌ಬಿಡಿ ಎರಡೂ ಕಡೆ ‘ಸ್ಟ್ಯಾಂಡ್‌ಅಲೋನ್’ (ಒಂಟಿಯಾಗಿದೆ) ಎಂದು ತೋರಿಸಿ ನಿಂತುಬಿಟ್ಟಿದೆ. ಸದ್ಯ ಕಲಬುರಗಿಯದೊಂದನ್ನೇ ನಡೆಸಿ, ಬೀದರ್ ಡಿಸ್ಕನ್ನು ಮುಟ್ಟದೆ ಇಟ್ಟಿದ್ದೇವೆ.

ಎರಡು ಪ್ರಶ್ನೆಗಳಿವೆ. ಎರಡೂ ಕಡೆ ಬೇರೆಬೇರೆಯಾಗಿ ಬಂದಿರುವ ಮೇಲ್‌ಗಳನ್ನು ಕಳೆದುಕೊಳ್ಳದೆ ಕೂಡಿಸುವುದು ಹೇಗೆ? ಮುಂದೆ ಇದು ಮರುಕಳಿಸದಂತೆ ರೆಪ್ಲಿಕೇಶನ್ (ನಕಲಿಸುವುದು) ಮತ್ತು ಫೇಲ್‌ಓವರನ್ನು (ಒಂದು ಬಿದ್ದಾಗ ಇನ್ನೊಂದಕ್ಕೆ ಹೊರಳುವುದು) ಹೇಗೆ ಕಟ್ಟಬೇಕು? ಒಂದು ಸರ್ವರ್ ಬಿದ್ದರೆ ಒಂದು ನಿಮಿಷದೊಳಗೆ ಇನ್ನೊಂದು ಎದ್ದು ನಿಲ್ಲಬೇಕೆಂಬುದು ಆಡಳಿತ ಮಂಡಳಿಯ ಅಪೇಕ್ಷೆ.

ಬಿದರಿ, ಬೀದರ್

ತೊಗರಿನಾಡು ಅವರೇ, ಬೀದರ್ ಡಿಸ್ಕನ್ನು ಮುಟ್ಟದೆ ಇಟ್ಟಿರುವುದು ಬಹಳ ಒಳ್ಳೆಯದಾಯಿತು. ಇಂತಹ ಸ್ಥಿತಿಯಲ್ಲಿ ಹೆಚ್ಚಿನ ಕೈಪಿಡಿಗಳು ಒಂದು ಕಡೆಯನ್ನು ‘ಡಿಸ್‌ಕಾರ್ಡ್ ಮೈ ಡೇಟಾ’ (ನನ್ನ ದತ್ತಾಂಶ ಬಿಟ್ಟುಬಿಡು) ಎಂಬ ಆಯ್ಕೆಯೊಂದಿಗೆ ಮತ್ತೆ ಜೋಡಿಸಲು ಹೇಳುತ್ತವೆ. ಹಾಗೆ ಮಾಡಿದರೆ ಆ ಅರ್ಧ ದಿನ ಬೀದರ್‌ಗೆ ಮಾತ್ರ ತಲುಪಿದ ಮೇಲ್‌ಗಳು ಅಳಿಸಿಹೋಗುತ್ತವೆ. ಕಳುಹಿಸಿದವರ ಸರ್ವರ್‌ಗೆ ‘250’ ಎಂಬ ಒಪ್ಪಿಗೆಯ ಉತ್ತರ ಆಗಲೇ ಸಿಕ್ಕಿದೆ, ಅದು ತನ್ನ ಪ್ರತಿಯನ್ನು ಅಳಿಸಿಯೂ ಆಗಿದೆ. ಆದ್ದರಿಂದ ಆ ಮೇಲ್‌ಗಳು ಈಗ ಜಗತ್ತಿನಲ್ಲಿ ಇರುವುದು ಬೀದರ್‌ನ ಆ ಡಿಸ್ಕ್‌ನಲ್ಲಿ ಮಾತ್ರ.

ಮೊದಲು ಬೀದರ್‌ನಲ್ಲಿ ಡಿಆರ್‌ಬಿಡಿಯ ಕೆಳಗಿರುವ ವಾಲ್ಯೂಮ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿರ ಪ್ರತಿ) ತೆಗೆದು, ಅದನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿರಿ. ಈ ಕೆಲಸದಲ್ಲಿ ಮೇಲ್‌ಡಿರ್ ನಿಮಗೆ ದೊಡ್ಡ ಉಪಕಾರ ಮಾಡುತ್ತದೆ. ಪ್ರತಿ ಮೇಲ್ ಒಂದು ಪ್ರತ್ಯೇಕ ಫೈಲ್ ಆಗಿರುತ್ತದೆ. ಆ ಫೈಲಿನ ಹೆಸರಿನಲ್ಲಿ ಬಂದ ಸಮಯ, ಒಂದು ವಿಶಿಷ್ಟ ಗುರುತು ಮತ್ತು ಸರ್ವರಿನ ಹೆಸರು ಸೇರಿರುತ್ತವೆ. ಎರಡೂ ಸರ್ವರ್‌ಗಳ ಹೋಸ್ಟ್‌ನೇಮ್ ಬೇರೆ ಬೇರೆ ಇದ್ದರೆ ಎರಡು ಊರಿನ ಮೇಲ್‌ಗಳ ಹೆಸರು ಒಂದಕ್ಕೊಂದು ತಾಕುವುದಿಲ್ಲ. ಕೇಬಲ್ ಕಡಿದ ಸಮಯದ ನಂತರ ಬಂದ ಫೈಲುಗಳನ್ನು ಆಯ್ದು, ಕಲಬುರಗಿಯಲ್ಲಿ ಆಯಾ ಬಳಕೆದಾರರ ‘ನ್ಯೂ’ (ಹೊಸ ಮೇಲ್‌ಗಳ) ಫೋಲ್ಡರಿಗೆ ಹಾಕಿದರೆ ಡವ್‌ಕಾಟ್ ಅವುಗಳಿಗೆ ಹೊಸ ಕ್ರಮಸಂಖ್ಯೆ ಕೊಟ್ಟು ಸೇರಿಸಿಕೊಳ್ಳುತ್ತದೆ. ‘ಕರ್’ (ಆಗಲೇ ಕಂಡ ಮೇಲ್‌ಗಳ) ಫೋಲ್ಡರಿನ ಫೈಲುಗಳನ್ನು ಹೋಲಿಸುವಾಗ ಹೆಸರಿನಲ್ಲಿ ಕೋಲನ್ ಚಿಹ್ನೆಗಿಂತ ಮುಂಚಿನ ಭಾಗವನ್ನಷ್ಟೇ ನೋಡಬೇಕು, ಏಕೆಂದರೆ ಅದರ ನಂತರ ಇರುವುದು ‘ಓದಿದೆ’, ‘ಉತ್ತರಿಸಿದೆ’ ಎಂಬ ಗುರುತುಗಳು; ಒಂದೇ ಮೇಲ್ ಒಂದೆಡೆ ಓದಿದ್ದು, ಇನ್ನೊಂದೆಡೆ ಓದದೇ ಇದ್ದದ್ದು ಎಂದು ಎರಡು ಹೆಸರಿನಲ್ಲಿ ಕಾಣಬಹುದು. ಯಾವ ಕಾರಣಕ್ಕೂ ಮೇಲ್‌ಗಳ ಕ್ರಮಸಂಖ್ಯೆ ಇರುವ ‘ಡವ್‌ಕಾಟ್-ಯುಐಡಿಲಿಸ್ಟ್’ ಎಂಬ ಫೈಲನ್ನು ಬೀದರ್‌ನಿಂದ ತಂದು ಇಲ್ಲಿಯದರ ಮೇಲೆ ಬರೆಯಬೇಡಿ.

ಫೈಲುಗಳನ್ನು ಕೈಯಿಂದ ಮುಟ್ಟುವುದು ಬೇಡ ಎನಿಸಿದರೆ, ಸ್ನ್ಯಾಪ್‌ಶಾಟಿನ ಒಂದು ನಕಲಿನ ಮೇಲೆ ಇನ್ನೊಂದು ಡವ್‌ಕಾಟ್ ಎಬ್ಬಿಸಿ, ಪ್ರತಿ ಬಳಕೆದಾರರಿಗೂ ‘ಡವ್‌ಅಡ್ಮ್ ಸಿಂಕ್’ ಆದೇಶವನ್ನು ಏಕಮುಖವಾಗಿ ನಡೆಸಬಹುದು. ಅದು ನಿಧಾನ, ಆದರೆ ಫೋಲ್ಡರುಗಳನ್ನೂ ಗುರುತುಗಳನ್ನೂ ಬಲ್ಲದು.

ಖಾತೆಗಳ ಡೇಟಾಬೇಸ್ ಚಿಕ್ಕದಿರುತ್ತದೆ. ಎರಡೂ ಕಡೆಯ ಡಂಪ್ (ಪೂರ್ಣ ಪಠ್ಯ ಪ್ರತಿ) ತೆಗೆದು ಹೋಲಿಸಿ ನೋಡಿ. ಆ ಅರ್ಧ ದಿನದಲ್ಲಿ ಬೀದರ್ ಕಡೆ ಪಾಸ್‌ವರ್ಡ್ ಬದಲಿಸಿದವರಿದ್ದರೆ ಅವರ ಸಾಲುಗಳನ್ನಷ್ಟೇ ತಂದರೆ ಸಾಕು.

ಸೇಡಂ ರಸ್ತೆ, ಕಲಬುರಗಿ

ಬಿದರಿ ಸರ್ ಹೇಳಿದ ಕ್ರಮ ಸರಿಯಾಗಿದೆ. ನಾನು ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕೊರೊಸಿಂಕ್ ಸಂರಚನೆಯಲ್ಲಿ ‘ಟೂ ನೋಡ್’ (ಎರಡೇ ಸರ್ವರ್) ಎಂಬುದಕ್ಕೆ 1 ಎಂದು, ಪೇಸ್‌ಮೇಕರಿನಲ್ಲಿ ‘ಸ್ಟೋನಿತ್ ಎನೇಬಲ್ಡ್’ ಎಂಬುದಕ್ಕೆ ‘ಫಾಲ್ಸ್’ ಎಂದು ಬರೆದಿದೆಯೇ ನೋಡಿ ಹೇಳಿರಿ.

ತೊಗರಿನಾಡು, ಕಲಬುರಗಿ

ಹೌದು ಸರ್, ಎರಡೂ ಹಾಗೆಯೇ ಇವೆ.

ಸೇಡಂ ರಸ್ತೆ, ಕಲಬುರಗಿ

ಹಾಗಾದರೆ ಕೇಬಲ್ ಕಡಿದ ದಿನ ನಿಮ್ಮ ಕ್ಲಸ್ಟರ್ ತನಗೆ ಹೇಳಿಕೊಟ್ಟದ್ದನ್ನೇ ಮಾಡಿದೆ.

ಕ್ಲಸ್ಟರಿನಲ್ಲಿ ತೀರ್ಮಾನವಾಗುವುದು ಬಹುಮತದಿಂದ. ಮೂರು ಮತಗಳಿದ್ದರೆ ಎರಡು ಬೇಕು, ಐದಿದ್ದರೆ ಮೂರು ಬೇಕು. ಎರಡೇ ಮತಗಳಿದ್ದಾಗ ಲಿಂಕ್ ಕಡಿದರೆ ಎರಡೂ ಕಡೆ ತಲಾ ಒಂದು ಮತ ಉಳಿದು, ಯಾರಿಗೂ ಬಹುಮತ ಇಲ್ಲದಂತಾಗುತ್ತದೆ. ‘ಟೂ ನೋಡ್’ ಎಂಬ ವಿಶೇಷ ವಿಧಾನ ಈ ನಿಯಮವನ್ನು ಸಡಿಲಿಸಿ, ಒಂದೇ ಮತವಿದ್ದರೂ ಮುಂದುವರಿಯಲು ಅನುಮತಿ ಕೊಡುತ್ತದೆ. ಆ ಅನುಮತಿಯ ಹಿಂದೆ ಒಂದು ಷರತ್ತಿದೆ: ಮುಂದುವರಿಯುವ ಸರ್ವರ್ ಮೊದಲು ಎದುರಿನ ಸರ್ವರಿನ ವಿದ್ಯುತ್ತನ್ನು ತೆಗೆಸಿ, ಅದು ನಿಜವಾಗಿಯೂ ನಿಂತಿದೆ ಎಂದು ಖಾತ್ರಿಪಡಿಸಿಕೊಳ್ಳಬೇಕು. ಇದನ್ನೇ ಫೆನ್ಸಿಂಗ್ ಅಥವಾ ಸ್ಟೋನಿತ್ ಎನ್ನುವುದು. ಕಟ್ಟಿಕೊಟ್ಟವರು ಅನುಮತಿಯನ್ನು ಇಟ್ಟುಕೊಂಡು ಷರತ್ತನ್ನು ತೆಗೆದುಹಾಕಿದ್ದಾರೆ. ಫೆನ್ಸಿಂಗ್ ಸಾಧನ ಹೊಂದಿಸದೆ ಇದ್ದರೆ ಪೇಸ್‌ಮೇಕರ್ ಯಾವ ಸೇವೆಯನ್ನೂ ಆರಂಭಿಸದೆ ದೋಷ ತೋರಿಸುತ್ತದೆ. ಆ ದೋಷವನ್ನು ಸುಮ್ಮನಾಗಿಸಲು ಸ್ಟೋನಿತ್ ಆಫ್ ಮಾಡಿಬಿಡುವುದು ನಮ್ಮ ಕಡೆ ಬಹಳ ಕಡೆ ನಡೆದಿದೆ.

ರೆಪ್ಲಿಕೇಶನ್ ಎಂದರೆ ದತ್ತಾಂಶದ ಪ್ರತಿ ಇನ್ನೊಂದೆಡೆ ಇರುವುದು. ಫೇಲ್‌ಓವರ್ ಎಂದರೆ ಬರೆಯುವ ಹಕ್ಕು ಯಾರಿಗಿದೆ ಎಂಬ ತೀರ್ಮಾನ. ಮೊದಲನೆಯದನ್ನು ಹಣ ಕೊಟ್ಟು ಕೊಳ್ಳಬಹುದು, ಅದಕ್ಕೆ ಬೇಕಾದಷ್ಟು ತಂತ್ರಾಂಶಗಳಿವೆ. ಎರಡನೆಯದನ್ನು ನಿಮ್ಮ ಊರುಗಳ ಕೇಬಲ್ ದಾರಿ ನೋಡಿ, ನಿಮ್ಮ ಕರೆಂಟ್ ನೋಡಿ ನೀವೇ ಕೂತು ಯೋಚಿಸಬೇಕು. ನಿಮ್ಮಲ್ಲಿ ಯೋಚಿಸದೆ ಉಳಿದಿದ್ದು ಈ ಎರಡನೆಯದು.

ಭೀಮಾತೀರ, ಯಾದಗಿರಿ

ನಮಸ್ಕಾರ. ನಿಮ್ಮ ಸಂಸ್ಥೆಯ ಕಾಲೇಜು ಯಾದಗಿರಿಯಲ್ಲಿಯೂ ಇದೆ ಎಂದಿದ್ದೀರಿ. ಮೂರನೆಯ ಮತವನ್ನು ಇಲ್ಲಿಯೇ ಇಡಬಹುದಲ್ಲವೇ? ಕೊರೊಸಿಂಕ್‌ಗೆ ‘ಕ್ಯೂನೆಟ್‌ಡಿ’ ಎಂಬ ಚಿಕ್ಕ ಸೇವೆಯಿದೆ. ಅದಕ್ಕೆ ಮೇಲ್‌ಗಳ ಪ್ರತಿ ಬೇಡ, ದೊಡ್ಡ ಡಿಸ್ಕ್ ಬೇಡ, ಹಳೆಯ ಒಂದು ಕಂಪ್ಯೂಟರ್ ಸಾಕು. ಲಿಂಕ್ ಕಡಿದಾಗ ಯಾವ ಕಡೆಯ ಸರ್ವರ್ ಅದನ್ನು ತಲುಪುತ್ತದೋ ಆ ಕಡೆಗೆ ತನ್ನ ಮತ ಕೊಡುತ್ತದೆ. ಇಬ್ಬರೂ ತಲುಪಿದರೆ ಒಬ್ಬರಿಗೆ ಮಾತ್ರ ಕೊಡುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಯಾದಗಿರಿಯಿಂದ ಬೀದರ್‌ಗೆ ನಿಮ್ಮ ದಾರಿ ಕಲಬುರಗಿಯ ರೂಟರ್ ಮೂಲಕವೇ ಹೋಗುತ್ತಿದ್ದರೆ, ಯಾದಗಿರಿಯ ಮತ ಯಾವಾಗಲೂ ಕಲಬುರಗಿಯ ಜೊತೆಗೇ ಇರುತ್ತದೆ. ಕಲಬುರಗಿ ಬಿದ್ದ ದಿನ ಬೀದರ್‌ಗೆ ಅದು ಕಾಣಿಸುವುದೇ ಇಲ್ಲ. ಹಾಗಿದ್ದಲ್ಲಿ ಮೂರನೆಯ ಮತ ಇದ್ದೂ ಇಲ್ಲದಂತೆ. ಆದ್ದರಿಂದ ಕ್ಯೂನೆಟ್‌ಡಿಗೆ ಖಾಸಗಿ ಲಿಂಕನ್ನು ನಂಬದೆ, ಇಂಟರ್ನೆಟ್ ಮೇಲೆ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ) ಪ್ರಮಾಣಪತ್ರದೊಂದಿಗೆ ಎರಡೂ ಊರುಗಳಿಂದ ನೇರವಾಗಿ ತಲುಪುವ ವ್ಯವಸ್ಥೆ ಮಾಡಿರಿ.

ಕಚೇರಿ ಮೇಲ್, ಕಲಬುರಗಿ

ನಾನು ಕೆಲಸ ಮಾಡುವ ಕಡೆ ಇರುವುದು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್. ತಂತ್ರಾಂಶ ಬೇರೆಯಾದರೂ ಸಮಸ್ಯೆ ಇದೇ ಆಗಿರುವುದರಿಂದ ಅಲ್ಲಿ ಇದನ್ನು ಹೇಗೆ ಬಿಡಿಸಿದ್ದಾರೆ ಎಂಬುದು ಉಪಯೋಗಕ್ಕೆ ಬರಬಹುದು.

2010ರ ಆವೃತ್ತಿಯಿಂದ ಎಕ್ಸ್‌ಚೇಂಜಿನಲ್ಲಿ ಡೇಟಾಬೇಸ್ ಅವೈಲಬಿಲಿಟಿ ಗ್ರೂಪ್, ಅಂದರೆ ‘ಡ್ಯಾಗ್’ ಇದೆ. ಗರಿಷ್ಠ 16 ಸರ್ವರ್‌ಗಳು ಒಂದು ಗುಂಪಿನಲ್ಲಿರಬಹುದು. ಪ್ರತಿ ಮೇಲ್‌ಬಾಕ್ಸ್ ಡೇಟಾಬೇಸ್‌ಗೆ ಒಂದು ಸಕ್ರಿಯ ಪ್ರತಿ ಇದ್ದು, ಉಳಿದವು ನಿಷ್ಕ್ರಿಯ ಪ್ರತಿಗಳು. ಸಕ್ರಿಯ ಪ್ರತಿಯಲ್ಲಿ ನಡೆದ ಪ್ರತಿ ಬದಲಾವಣೆಯೂ ಮೊದಲು ಲಾಗ್ ಫೈಲಿಗೆ ಹೋಗುತ್ತದೆ. ಒಂದೊಂದು ಲಾಗ್ ಫೈಲಿನ ಗಾತ್ರ 1 ಎಂಬಿ. ಆ ಲಾಗ್‌ಗಳು ಇತರ ಸರ್ವರ್‌ಗಳಿಗೆ ಸಾಗಿ, ಅಲ್ಲಿಯ ಪ್ರತಿಯ ಮೇಲೆ ಮತ್ತೆ ಅನ್ವಯವಾಗುತ್ತವೆ. ಸಾಗದೆ ಉಳಿದ ಲಾಗ್‌ಗಳ ಸಂಖ್ಯೆಯನ್ನು ‘ಕಾಪಿ ಕ್ಯೂ’, ಸಾಗಿದರೂ ಅನ್ವಯವಾಗದವುಗಳನ್ನು ‘ರಿಪ್ಲೇ ಕ್ಯೂ’ ಎನ್ನುತ್ತೇವೆ. ನಿರ್ವಾಹಕರು ಬೆಳಿಗ್ಗೆ ಬಂದೊಡನೆ ನೋಡಬೇಕಾದ ಎರಡು ಅಂಕಿಗಳು ಇವು.

ಸಕ್ರಿಯ ಸರ್ವರ್ ಹಠಾತ್ತನೆ ಬಿದ್ದಾಗ ಕಾಪಿ ಕ್ಯೂನಲ್ಲಿ ಉಳಿದ ಲಾಗ್‌ಗಳು ಕಳೆದುಹೋಗುತ್ತವೆ. ಎಷ್ಟು ಲಾಗ್‌ಗಳವರೆಗೆ ಕಳೆದುಹೋದರೆ ಇನ್ನೊಂದು ಪ್ರತಿಯನ್ನು ತಾನಾಗಿಯೇ ಎಬ್ಬಿಸಬಹುದು ಎಂಬುದನ್ನು ಮೊದಲೇ ಹೇಳಿಡಬೇಕು. ‘ಲಾಸ್‌ಲೆಸ್’ ಎಂದರೆ ಒಂದೂ ಕಳೆಯಬಾರದು, ‘ಗುಡ್ ಅವೈಲಬಿಲಿಟಿ’ ಎಂದರೆ 6 ಲಾಗ್‌ಗಳವರೆಗೆ, ‘ಬೆಸ್ಟ್ ಅವೈಲಬಿಲಿಟಿ’ ಎಂದರೆ 12ರವರೆಗೆ. ಹಾಗೆ ಕಳೆದ ಮೇಲ್‌ಗಳನ್ನು ತುಂಬಿಕೊಡಲು 2013ರ ಆವೃತ್ತಿಯಿಂದ ‘ಸೇಫ್ಟಿ ನೆಟ್’ ಇದೆ. ತಲುಪಿಸಿಯಾದ ಮೇಲ್‌ಗಳ ಪ್ರತಿಯನ್ನೂ ಸಾಗಣೆಯ ಪದರ ಡಿಫಾಲ್ಟ್ ಆಗಿ 2 ದಿನ ಇಟ್ಟುಕೊಂಡು, ಫೇಲ್‌ಓವರ್ ಆದ ಮೇಲೆ ಹೊಸ ಪ್ರತಿಗೆ ಮತ್ತೆ ತಲುಪಿಸುತ್ತದೆ. ರೆಪ್ಲಿಕೇಶನ್‌ನಲ್ಲಿ ಸ್ವಲ್ಪ ನಷ್ಟ ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು, ಅದನ್ನು ತುಂಬಲು ಇನ್ನೊಂದು ದಾರಿ ಕಟ್ಟಿರುವ ಈ ವಿನ್ಯಾಸವನ್ನು ನಾನು ಮೆಚ್ಚುತ್ತೇನೆ.

ಇನ್ನೊಂದು ಅಂಶ ನಮ್ಮ ಭಾಗಕ್ಕೆ ನೇರವಾಗಿ ಅನ್ವಯಿಸುತ್ತದೆ. ಮುಖ್ಯ ಕೇಂದ್ರದಲ್ಲಿ ಕರೆಂಟ್ ಹೋಗಿ ಎಲ್ಲ ಸರ್ವರ್‌ಗಳೂ ನಿಂತವು, ದೂರದ ಕೇಂದ್ರ ಕೆಲಸ ಆರಂಭಿಸಿತು ಎಂದಿಟ್ಟುಕೊಳ್ಳಿ. ನಂತರ ಕರೆಂಟ್ ಬಂದರೂ ಲಿಂಕ್ ಇನ್ನೂ ಬಂದಿಲ್ಲ. ಮುಖ್ಯ ಕೇಂದ್ರದ ಸರ್ವರ್‌ಗಳು ಎದ್ದೊಡನೆ ತಮ್ಮಲ್ಲಿಯೇ ಬಹುಮತವಿದೆ ಎಂದು ಡೇಟಾಬೇಸ್ ತೆರೆದರೆ ಮತ್ತೆ ಎರಡು ಪ್ರೈಮರಿಗಳಾಗುತ್ತವೆ. ಇದನ್ನು ತಡೆಯಲು ‘ಡ್ಯಾಕ್’ ಎಂಬ ವಿಧಾನವಿದೆ. ಅದನ್ನು ಆನ್ ಮಾಡಿದ್ದರೆ, ಹೊಸದಾಗಿ ಎದ್ದ ಸರ್ವರ್ ತೆರೆಯಲು ಅನುಮತಿ ಇರುವ ಸದಸ್ಯನೊಬ್ಬನನ್ನು ಕಾಣುವವರೆಗೆ, ಇಲ್ಲವೇ ಎಲ್ಲ ಸದಸ್ಯರನ್ನೂ ಸಂಪರ್ಕಿಸುವವರೆಗೆ ಡೇಟಾಬೇಸ್ ತೆರೆಯುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಕರೆಂಟ್ ಮೊದಲು ಬಂದು ನೆಟ್‌ವರ್ಕ್ ಆಮೇಲೆ ಬರುವುದು ಅಪರೂಪವೇನಲ್ಲ.

ಯಾರಾದರೂ ಇನ್ನೂ 2016 ಅಥವಾ 2019ರ ಆವೃತ್ತಿಯಲ್ಲಿದ್ದರೆ, ಅವುಗಳ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಗಮನಿಸಿರಿ.

ಬಿದರಿ, ಬೀದರ್

ಕಚೇರಿ ಮೇಲ್ ಅವರ ವಿವರಣೆಗೆ ಧನ್ಯವಾದ. ನನ್ನ ಅಭಿಪ್ರಾಯ ಈ ಚರ್ಚೆಯ ಹೆಚ್ಚಿನವರಿಗಿಂತ ಬೇರೆ ಇರಬಹುದು. ಕಲಬುರಗಿಯಿಂದ ಬೀದರ್‌ಗೆ ಸ್ವಯಂಚಾಲಿತ ಫೇಲ್‌ಓವರ್ ಬೇಡವೇ ಬೇಡ ಎನ್ನುತ್ತೇನೆ.

ಇಮೇಲ್ ಕಾಯಬಲ್ಲದು. ಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಂಟಿಪಿಯ 2008ರ ಮಾನದಂಡವಾದ ಆರ್‌ಎಫ್‌ಸಿ 5321, ತಲುಪಿಸಲಾಗದ ಮೇಲನ್ನು ಕೈಬಿಡುವ ಮುನ್ನ ಕನಿಷ್ಠ 4–5 ದಿನ ಪ್ರಯತ್ನಿಸಬೇಕೆಂದು ಹೇಳುತ್ತದೆ. ಪೋಸ್ಟ್‌ಫಿಕ್ಸ್ ಡಿಫಾಲ್ಟ್ ಆಗಿ 5 ದಿನ ಇಟ್ಟುಕೊಳ್ಳುತ್ತದೆ. ಅಂದರೆ ನಿಮ್ಮ ಎರಡೂ ಸರ್ವರ್‌ಗಳು ಒಂದು ಗಂಟೆ ನಿಂತರೂ ಹೊರಗಿನಿಂದ ಬರುವ ಒಂದು ಮೇಲ್ ಕೂಡ ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ, ತಡವಾಗುತ್ತದೆ ಅಷ್ಟೆ. ಆದರೆ ಎರಡು ಪ್ರೈಮರಿಗಳಾದರೆ ಏನಾಗುತ್ತದೆ ಎಂಬುದನ್ನು ಕಳೆದ ವಾರ ನೀವೇ ನೋಡಿದ್ದೀರಿ. ಒಂದು ಗಂಟೆಯ ತಡವನ್ನು ತಪ್ಪಿಸಲು ಹೋಗಿ ಅಷ್ಟು ದೊಡ್ಡ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬೇಕೇ?

ಊರು ಬದಲಿಸುವ ತೀರ್ಮಾನವನ್ನು ಮನುಷ್ಯರು ಮಾಡಲಿ. ಕಲಬುರಗಿಗೆ ಫೋನ್ ಮಾಡಿ, ಸರ್ವರ್ ಕೋಣೆಯಲ್ಲಿ ನಿಂತವರು ‘ಹೌದು, ಇಲ್ಲಿ ಎಲ್ಲವೂ ಆಫ್ ಆಗಿದೆ, ಪ್ಲಗ್ ತೆಗೆದಿದ್ದೇನೆ’ ಎಂದು ಹೇಳಿದ ಮೇಲೆ ಬೀದರ್‌ನಲ್ಲಿ ಆದೇಶ ಕೊಡಲಿ. ಆ ಮಾತು ಎಲ್ಲಕ್ಕಿಂತ ಖಚಿತವಾದ ಫೆನ್ಸಿಂಗ್.

ತೊಗರಿನಾಡು, ಕಲಬುರಗಿ

ಬಿದರಿ ಸರ್, ನಿಮ್ಮ ಮಾತು ಮನಸ್ಸಿಗೆ ಹಿಡಿಸಿತು. ಆದರೆ ಆಡಳಿತ ಮಂಡಳಿಗೆ ಉತ್ತರ ಹೇಳಬೇಕು. ಪ್ರವೇಶದ ದಿನಗಳಲ್ಲಿ ಮತ್ತು ಪರೀಕ್ಷೆಯ ದಿನಗಳಲ್ಲಿ ಪ್ರಾಂಶುಪಾಲರು ಹಳೆಯ ಮೇಲ್ ತೆರೆಯಲಾಗದೆ ಒಂದು ಗಂಟೆ ಕೂರುವುದನ್ನು ಅವರು ಒಪ್ಪುವುದಿಲ್ಲ.

ಸೇಡಂ ರಸ್ತೆ, ಕಲಬುರಗಿ

ಇಬ್ಬರ ಮಾತೂ ಸರಿ, ಆದರೆ ಎರಡು ಬೇರೆ ಬೇರೆ ಸಂಗತಿಗಳ ಬಗ್ಗೆ ಹೇಳುತ್ತಿದ್ದೀರಿ. ಹೊರಗಿನಿಂದ ಬರುವ ಮೇಲ್ ಕಾಯುತ್ತದೆ ಎಂಬುದು ನಿಜ. ಮೇಲ್‌ಬಾಕ್ಸ್ ಓದಬೇಕಾದ ಮನುಷ್ಯ ಕಾಯುವುದಿಲ್ಲ ಎಂಬುದೂ ನಿಜ. ಆದ್ದರಿಂದ ನಾನು ಸೂಚಿಸುವುದೇನೆಂದರೆ, ಸ್ವಯಂಚಾಲಿತ ಫೇಲ್‌ಓವರ್ ಕಲಬುರಗಿಯ ಆವರಣದೊಳಗೆ ಇರಲಿ, ಬೀದರ್‌ಗೆ ಹೋಗುವುದು ಕೈಯಿಂದಲೇ ಆಗಲಿ. ಕಲಬುರಗಿಯಲ್ಲಿ ಇನ್ನೊಂದು ಸರ್ವರ್ ಕೊಳ್ಳಿರಿ.

ಹೀಗೆ ಮಾಡಿದರೆ ರೆಪ್ಲಿಕೇಶನ್ ಕೂಡ ಸರಿದಾರಿಗೆ ಬರುತ್ತದೆ. ನಿಮ್ಮ ಡಿಆರ್‌ಬಿಡಿ ಯಾವ ಪ್ರೋಟೊಕಾಲಿನಲ್ಲಿದೆ ನೋಡಿರಿ. ‘ಸಿ’ ಆಗಿದ್ದರೆ, ಎರಡೂ ಕಡೆಯ ಡಿಸ್ಕ್‌ಗೆ ಬರೆದಾದ ಮೇಲೆಯೇ ಬರೆಯುವ ಕೆಲಸ ಮುಗಿಯಿತೆಂದು ಲೆಕ್ಕ. ‘ಎ’ ಆಗಿದ್ದರೆ, ಸ್ಥಳೀಯ ಡಿಸ್ಕ್‌ಗೆ ಬರೆದು ನೆಟ್‌ವರ್ಕ್ ಬಫರಿಗೆ ಹಾಕಿದರೆ ಸಾಕು. ಕಲಬುರಗಿ–ಬೀದರ್ ನಡುವೆ ಸುಮಾರು 110 ಕಿಲೋಮೀಟರ್. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಕೇಬಲ್ ನೇರವಾಗಿದ್ದರೆ ಹೋಗಿ ಬರಲು ಸುಮಾರು 1.1 ಮಿಲಿಸೆಕೆಂಡ್ ಸಾಕು. ಆದರೆ ಸೇವಾದಾರರ ಜಾಲ ಹೈದರಾಬಾದನ್ನೋ ಬೆಂಗಳೂರನ್ನೋ ಸುತ್ತಿ ಬರುತ್ತಿದ್ದರೆ ಅದು ಹಲವು ಪಟ್ಟಾಗುತ್ತದೆ, ಮತ್ತು ‘ಸಿ’ಯಲ್ಲಿ ಪ್ರತಿ ಸಣ್ಣ ಬರಹವೂ ಅಷ್ಟು ಹೊತ್ತು ಕಾಯಬೇಕಾಗುತ್ತದೆ. ಮೇಲ್‌ಡಿರ್‌ನಲ್ಲಿ ಸಣ್ಣ ಫೈಲುಗಳ ಬರಹವೇ ಹೆಚ್ಚು. ಅಕ್ಕಪಕ್ಕದ ಎರಡು ಕಟ್ಟಡಗಳ ನಡುವೆ ‘ಸಿ’ ಇಟ್ಟುಕೊಂಡರೆ ಈ ಕಾಯುವಿಕೆ ಯಾರಿಗೂ ತಿಳಿಯುವುದಿಲ್ಲ. ‘250’ ಎಂದು ಹೇಳಿದ ಪ್ರತಿ ಮೇಲೂ ಎರಡು ಡಿಸ್ಕ್‌ಗಳಲ್ಲಿ ಇದ್ದೇ ಇರುತ್ತದೆ.

ಪೋಸ್ಟ್‌ಫಿಕ್ಸ್‌ನ ಕ್ಯೂ ಕೂಡ ಅದೇ ಡಿಸ್ಕ್‌ನ ಮೇಲೆ ಇರಲಿ. ಹೆಚ್ಚಿನವರು ಮೇಲ್‌ಬಾಕ್ಸ್‌ಗಳನ್ನು ನಕಲು ಮಾಡಿ ಕ್ಯೂ ಮರೆಯುತ್ತಾರೆ. ಸರ್ವರ್ ಬಿದ್ದಾಗ ಒಪ್ಪಿಕೊಂಡು ಇನ್ನೂ ತಲುಪಿಸದ ಮೇಲ್‌ಗಳು ಅದರೊಳಗೇ ಉಳಿಯುತ್ತವೆ. ಕ್ಯೂ ಫೈಲುಗಳ ಹೆಸರಿನಲ್ಲಿ ಐನೋಡ್ ಸಂಖ್ಯೆ (ಡಿಸ್ಕ್‌ನಲ್ಲಿ ಆ ಫೈಲಿಗಿರುವ ಸಂಖ್ಯೆ) ಸೇರಿರುತ್ತದೆ. ಡಿಆರ್‌ಬಿಡಿ ಇಡೀ ಡಿಸ್ಕನ್ನೇ ನಕಲು ಮಾಡುವುದರಿಂದ ಐನೋಡ್ ಬದಲಾಗುವುದಿಲ್ಲ. ಫೈಲು ಫೈಲಾಗಿ ನಕಲಿಸುವ ಆರ್‌ಸಿಂಕ್‌ನಿಂದ ಬೇರೆಡೆಗೆ ತಂದಿದ್ದರೆ ಪೋಸ್ಟ್‌ಫಿಕ್ಸ್ ಆರಂಭಿಸುವ ಮುನ್ನ ‘ಪೋಸ್ಟ್‌ಸೂಪರ್ -ಎಸ್’ ನಡೆಸಿ ಹೆಸರುಗಳನ್ನು ಸರಿಪಡಿಸಬೇಕು.

ಫೆನ್ಸಿಂಗ್ ವಿಷಯದಲ್ಲಿ ನಮ್ಮ ಊರಿಗೆ ಹೊಂದುವ ಒಂದು ಮಾತು. ಸಾಮಾನ್ಯವಾಗಿ ಸರ್ವರಿನೊಳಗಿನ ಐಪಿಎಂಐ ಎಂಬ ದೂರನಿಯಂತ್ರಣ ಚಿಪ್ ಮೂಲಕ ಎದುರಿನ ಸರ್ವರನ್ನು ಆಫ್ ಮಾಡಿಸುತ್ತಾರೆ. ಕರೆಂಟೇ ಹೋಗಿ ಆ ಸರ್ವರ್ ನಿಂತಿದ್ದರೆ ಐಪಿಎಂಐ ಕೂಡ ಸತ್ತಿರುತ್ತದೆ, ಉತ್ತರ ಬರುವುದಿಲ್ಲ, ಆಗ ಉಳಿದ ಸರ್ವರ್ ಖಾತ್ರಿಯಾಗದೆ ಕಾಯುತ್ತಲೇ ಇರುತ್ತದೆ. ಯುಪಿಎಸ್ ಇಲ್ಲದ ಕಡೆ ಇದೇ ತೊಡಕು. ಇದಕ್ಕೆ ಎರಡು ಪರಿಹಾರಗಳಿವೆ: ನೆಟ್‌ವರ್ಕಿನಿಂದ ನಿಯಂತ್ರಿಸಬಹುದಾದ ಪವರ್ ಸ್ಟ್ರಿಪ್, ಅಥವಾ ಎಸ್‌ಬಿಡಿ ಎಂಬ ಫೆನ್ಸಿಂಗ್ ತಂತ್ರಾಂಶದ ಜೊತೆಗೆ ಹಾರ್ಡ್‌ವೇರ್ ವಾಚ್‌ಡಾಗ್ (ಸಕಾಲಕ್ಕೆ ಸಂಕೇತ ಬರದಿದ್ದರೆ ಸರ್ವರನ್ನು ರೀಬೂಟ್ ಮಾಡುವ ಸಾಧನ). ಎರಡನೆಯದರಲ್ಲಿ ಬಹುಮತ ಕಳೆದುಕೊಂಡ ಸರ್ವರ್ ತನ್ನನ್ನು ತಾನೇ ರೀಬೂಟ್ ಮಾಡಿಕೊಳ್ಳುತ್ತದೆ; ಅದಕ್ಕೆ ಭೀಮಾತೀರ ಅವರು ಹೇಳಿದ ಮೂರನೆಯ ಮತ ಇರಲೇಬೇಕು.

ಎರಡು ಸರ್ವರ್‌ಗಳನ್ನೂ ಒಂದೇ ರ‍್ಯಾಕ್‌ನಲ್ಲಿ, ಒಂದೇ ಯುಪಿಎಸ್‌ಗೆ ಹಾಕಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಕರೆಂಟ್ ಹೋದಾಗ ಯುಪಿಎಸ್ ಸರ್ವರನ್ನು ನಡೆಸುತ್ತದೆ, ಎಸಿಯನ್ನು ನಡೆಸುವುದಿಲ್ಲ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಬ್ಯಾಟರಿ ಇನ್ನೂ ಉಳಿದಿರುವಾಗಲೇ ಬಿಸಿಯಿಂದ ಸರ್ವರ್ ತಾನಾಗಿ ಆಫ್ ಆಗುವುದುಂಟು, ಮತ್ತು ಒಂದೇ ಕೋಣೆಯಾದರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಆಫ್ ಆಗುತ್ತವೆ. ಕೋಣೆಯ ತಾಪಮಾನವನ್ನೂ ನಿಗಾ ಪಟ್ಟಿಯಲ್ಲಿ ಸೇರಿಸಿರಿ.

ಭೀಮಾತೀರ, ಯಾದಗಿರಿ

ಡೇಟಾಬೇಸ್‌ಗೆ ಡಿಆರ್‌ಬಿಡಿ ಬದಲು ಮಾರಿಯಾಡಿಬಿಯ ಗಲೇರಾ ಕ್ಲಸ್ಟರ್ ಹಾಕಿ, ಮೂರೂ ಊರುಗಳಲ್ಲಿ ಒಂದೊಂದು ನೋಡ್ (ಸರ್ವರ್) ಇಟ್ಟರೆ ಹೇಗೆ? ಎಲ್ಲಿ ಬೇಕಾದರೂ ಬರೆಯಬಹುದಲ್ಲ.

ಸೇಡಂ ರಸ್ತೆ, ಕಲಬುರಗಿ

ಮಾಡಬಹುದು, ಮತ್ತು ಗಲೇರಾ ಬಹುಮತದ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ಬಹುಮತ ಕಳೆದುಕೊಂಡ ನೋಡ್ ‘ನಾನ್-ಪ್ರೈಮರಿ’ ಆಗಿ ಪ್ರಶ್ನೆಗಳಿಗೆ ಉತ್ತರಿಸುವುದನ್ನೇ ನಿಲ್ಲಿಸುತ್ತದೆ. ಆದರೆ ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಖಾಯಂ ಮಾಡುವಾಗ) ದೂರದ ನೋಡ್‌ವರೆಗೆ ಹೋಗಿ ಬರುವ ಸಮಯ ಸೇರುತ್ತದೆ. ಯಾದಗಿರಿಯಲ್ಲಿ ಪೂರ್ಣ ನೋಡ್ ಬೇಡವೆಂದು ‘ಗಾರ್ಬ್‌ಡಿ’ ಎಂಬ ಮತದಾರನನ್ನಷ್ಟೇ ಇಟ್ಟರೂ, ಅದು ದತ್ತಾಂಶವನ್ನು ಉಳಿಸಿಕೊಳ್ಳದಿದ್ದರೂ ರೆಪ್ಲಿಕೇಶನ್ ಸಂಚಾರವನ್ನೆಲ್ಲ ಪಡೆಯುತ್ತದೆ, ಆದ್ದರಿಂದ ಅಲ್ಲಿಯ ಲಿಂಕ್ ಕೂಡ ಗಟ್ಟಿಯಾಗಿರಬೇಕು.

ನನ್ನ ಆಕ್ಷೇಪ ಬೇರೆ. ಖಾತೆಗಳ ಪಟ್ಟಿ ಮೂರು ಊರುಗಳಲ್ಲಿ ಜೀವಂತವಾಗಿದ್ದು, ಮೇಲ್‌ಗಳು ಒಂದೇ ಊರಿನಲ್ಲಿದ್ದರೆ ಬಳಕೆದಾರರಿಗೆ ಅದರಿಂದ ಪ್ರಯೋಜನವಿಲ್ಲ. ಈ ಸಂಸ್ಥೆಯಲ್ಲಿ ಖಾತೆಗಳು ದಿನಕ್ಕೆ ಕೆಲವು ಬಾರಿ ಬದಲಾಗುತ್ತವೆ ಅಷ್ಟೆ. ಬೀದರ್‌ನಲ್ಲಿ ಓದಲು ಮಾತ್ರ ಬರುವ ಸಾಮಾನ್ಯ ರೆಪ್ಲಿಕಾ ಸಾಕು.

ಶರಣಬಸವ ನಗರ, ಕಲಬುರಗಿ

ಇಷ್ಟೆಲ್ಲ ಸರಿಯಾಗಿ ಮಾಡಿ, ಬೀದರ್ ಸರ್ವರ್ ಎದ್ದ ದಿನ ಅದರಿಂದ ಹೊರಟ ಮೇಲ್‌ಗಳೆಲ್ಲ ಸ್ಪ್ಯಾಮ್ ಫೋಲ್ಡರಿಗೆ ಬಿದ್ದುದನ್ನು ಹತ್ತಿರದಿಂದ ನೋಡಿದ್ದೇನೆ. ಆ ಬಗ್ಗೆ ಹೇಳುತ್ತೇನೆ.

ಬೀದರ್‌ನ ಐಪಿ ವಿಳಾಸಕ್ಕೆ ಪಿಟಿಆರ್ ದಾಖಲೆ (ಐಪಿಯಿಂದ ಹೆಸರು ತಿಳಿಸುವುದು) ಇರಬೇಕು. ಅದನ್ನು ಮಾಡಿಕೊಡುವವರು ಇಂಟರ್ನೆಟ್ ಸೇವಾದಾರರು. ತುರ್ತಿನಲ್ಲಿ ಕೇಳಿದರೆ ಆಗುವ ಕೆಲಸವಲ್ಲ. ನಿಮ್ಮ ಹೆಸರಿನಲ್ಲಿ ಮೇಲ್ ಕಳುಹಿಸಬಲ್ಲ ವಿಳಾಸಗಳನ್ನು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ಆ ಐಪಿ ಇಂದೇ ಇರಬೇಕು. ಹೊರಡುವ ಮೇಲ್‌ಗಳಿಗೆ ಸಹಿ ಹಾಕುವ ಡಿಕೆಐಎಂ ಖಾಸಗಿ ಕೀಲಿ ಎರಡೂ ಕಡೆ ಇರಬೇಕು. ಟಿಎಲ್‌ಎಸ್ ಪ್ರಮಾಣಪತ್ರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರವನ್ನು ಎಚ್‌ಟಿಟಿಪಿ ಪರಿಶೀಲನೆಯ ಮೂಲಕ ನವೀಕರಿಸುತ್ತಿದ್ದರೆ, ಆ ಪರಿಶೀಲನೆ ಯಾವಾಗಲೂ ಡಿಎನ್‌ಎಸ್ (ಹೆಸರಿಗೆ ಐಪಿ ತಿಳಿಸುವ ವ್ಯವಸ್ಥೆ) ತೋರಿಸುವ ಕಲಬುರಗಿಗೇ ಬರುತ್ತದೆ. ಬೀದರ್‌ನಲ್ಲಿ ನವೀಕರಣ ಸೋಲುತ್ತಲೇ ಹೋಗಿ, ಬೇಕಾದ ದಿನ ಅಲ್ಲಿ ಅವಧಿ ಮುಗಿದ ಪ್ರಮಾಣಪತ್ರವಿರುತ್ತದೆ. ಡಿಎನ್‌ಎಸ್ ಮೂಲಕ ಪರಿಶೀಲಿಸುವ ವಿಧಾನಕ್ಕೆ ಬದಲಿಸಿರಿ, ಇಲ್ಲವೇ ಕಲಬುರಗಿಯಿಂದ ನಕಲು ಕಳುಹಿಸಿರಿ.

ಎಲ್ಲಕ್ಕಿಂತ ಹೆಚ್ಚು ದೂರು ಬರುವುದು ಮೇಲ್ ಓದುವ ತಂತ್ರಾಂಶಗಳು ಬಳಸುವ ಐಮ್ಯಾಪ್‌ನಿಂದ. ಪ್ರತಿ ಫೋಲ್ಡರಿಗೂ ‘ಯುಐಡಿವ್ಯಾಲಿಡಿಟಿ’ ಎಂಬ ಅಂಕಿಯಿದೆ. ಫೋಲ್ಡರಿನ ಈ ಅಂಕಿ ಬದಲಾದರೆ, ತಾನು ಹಿಂದೆ ಇಳಿಸಿಕೊಂಡ ಮೇಲ್‌ಗಳ ಗುರುತುಗಳು ಇನ್ನು ನಂಬಲರ್ಹವಲ್ಲ ಎಂದು ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ತಿಳಿಯುತ್ತದೆ, ಮತ್ತು ಇಡೀ ಫೋಲ್ಡರನ್ನು ಮೊದಲಿನಿಂದ ಇಳಿಸಿಕೊಳ್ಳುತ್ತದೆ. ಬೀದರ್‌ನ ಪ್ರತಿಯನ್ನು ಬರಿಯ ಆರ್‌ಸಿಂಕ್‌ನಿಂದ ಮಾಡುತ್ತಾ, ಯುಐಡಿಲಿಸ್ಟ್ ಫೈಲನ್ನು ಬಿಟ್ಟಿದ್ದರೆ, ಫೇಲ್‌ಓವರ್ ಆದ ಕ್ಷಣ ಎಲ್ಲ ಬಳಕೆದಾರರೂ ಒಟ್ಟಿಗೆ ತಮ್ಮ ಹಲವು ವರ್ಷಗಳ ಮೇಲ್ ಇಳಿಸಲು ಶುರುಮಾಡುತ್ತಾರೆ, ಬೀದರ್‌ನ ಲಿಂಕ್ ಅಲ್ಲಿಗೇ ತುಂಬಿಹೋಗುತ್ತದೆ. ‘ಡವ್‌ಅಡ್ಮ್ ಸಿಂಕ್’ ಈ ಅಂಕಿಗಳನ್ನು ಉಳಿಸಿಕೊಂಡು ನಕಲು ಮಾಡುತ್ತದೆ. ಡವ್‌ಕಾಟ್‌ನ ಒಳಗೇ ಇದ್ದ ರೆಪ್ಲಿಕೇಟರ್ ಸೇವೆಯನ್ನು 2.4 ಆವೃತ್ತಿಯಲ್ಲಿ ತೆಗೆದುಹಾಕಿದ್ದಾರೆ. ಆದ್ದರಿಂದ ಹಳೆಯ ಮಾರ್ಗದರ್ಶಿಗಳನ್ನು ನೋಡಿ ಅದರ ಮೇಲೆ ಹೊಸದಾಗಿ ಏನನ್ನೂ ಕಟ್ಟಬೇಡಿ. ಸಿಂಕ್ ಆದೇಶವನ್ನು ನಿಗದಿತ ವೇಳೆಗೆ ನಡೆಸುವ ಸರಳ ದಾರಿಯೇ ಸಾಕು.

ತೊಗರಿನಾಡು, ಕಲಬುರಗಿ

ಮೇಡಂ, ನಮ್ಮ ಬೀದರ್ ಐಪಿಗೆ ಪಿಟಿಆರ್ ಇರಲಿಲ್ಲ. ಇಂದೇ ಸೇವಾದಾರರಿಗೆ ಬರೆದಿದ್ದೇನೆ. ಅಂದಹಾಗೆ, ಬೀದರ್‌ನಲ್ಲಿ ಪೂರ್ಣ ಪ್ರತಿ ಇರುವುದರಿಂದ ಪ್ರತ್ಯೇಕ ಬ್ಯಾಕಪ್ ಬೇಕೇ ಎಂದು ಲೆಕ್ಕಪತ್ರ ವಿಭಾಗ ಕೇಳುತ್ತಿದೆ.

ಕಚೇರಿ ಮೇಲ್, ಕಲಬುರಗಿ

ಬೇಕೇ ಬೇಕು. ಯಾರಾದರೂ ಒಂದು ಫೋಲ್ಡರ್ ಅಳಿಸಿದರೆ ರೆಪ್ಲಿಕೇಶನ್ ಆ ಅಳಿಸುವಿಕೆಯನ್ನೂ ನಿಷ್ಠೆಯಿಂದ ಬೀದರ್‌ಗೆ ತಲುಪಿಸುತ್ತದೆ. ರ‍್ಯಾನ್ಸಮ್‌ವೇರ್ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿದರೆ ಅದೂ ತಲುಪುತ್ತದೆ. ಎಕ್ಸ್‌ಚೇಂಜಿನಲ್ಲಿ ಇದಕ್ಕೆಂದೇ ಲಾಗ್‌ಗಳನ್ನು 14 ದಿನಗಳವರೆಗೆ ತಡೆದು ಅನ್ವಯಿಸುವ ಹಿಂದುಳಿದ ಪ್ರತಿಯನ್ನು ಇಡಲು ಅವಕಾಶವಿದೆ. ನಿಮ್ಮಲ್ಲಿ ರಾತ್ರಿಯ ಬ್ಯಾಕಪ್ ಬೇರೆ ಡಿಸ್ಕ್‌ಗೆ, ಬೇರೆ ಪಾಸ್‌ವರ್ಡ್‌ನಲ್ಲಿ ಹೋಗಲಿ. ಮೇಲ್ ಸರ್ವರಿನಿಂದ ಅದನ್ನು ಅಳಿಸಲು ಬರದಂತಿರಲಿ.

ತೊಗರಿನಾಡು, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ಬೀದರ್ ಡಿಸ್ಕ್‌ನಲ್ಲಿದ್ದ ಮೇಲ್‌ಗಳು ಸ್ನ್ಯಾಪ್‌ಶಾಟ್ ಮೂಲಕ ಬಂದು ಸೇರಿವೆ. ಪರೀಕ್ಷಾ ವಿಭಾಗದವರು ತಮ್ಮ ಉತ್ತರಗಳೆಲ್ಲ ಸಿಕ್ಕಿವೆ ಎಂದಿದ್ದಾರೆ. ಸ್ಟೋನಿತ್ ಇಲ್ಲದೆ ಬೀದರ್ ಎಂದೂ ತಾನಾಗಿ ಪ್ರೈಮರಿ ಆಗದಂತೆ ಪೇಸ್‌ಮೇಕರ್‌ನಿಂದ ಅದನ್ನು ಹೊರಗಿಟ್ಟಿದ್ದೇನೆ. ಕಲಬುರಗಿಯಲ್ಲಿ ಗ್ರಂಥಾಲಯದ ಕಟ್ಟಡಕ್ಕೆ ಎರಡನೆಯ ಸರ್ವರ್, ಎರಡರ ನಡುವೆ ಪ್ರೋಟೊಕಾಲ್ ‘ಸಿ’, ವಾಚ್‌ಡಾಗ್, ಯಾದಗಿರಿಯಲ್ಲಿ ಕ್ಯೂನೆಟ್‌ಡಿ ಎಂದು ಪ್ರಸ್ತಾವ ಬರೆದಿದ್ದೇನೆ. ಆವರಣದೊಳಗೆ ಒಂದು ನಿಮಿಷ, ಊರು ಬದಲಿಸಲು ಒಂದು ಗಂಟೆ ಎಂದು ಎರಡು ಪ್ರತ್ಯೇಕ ಗುರಿಗಳನ್ನು ತೋರಿಸಿದಾಗ ಆಡಳಿತ ಮಂಡಳಿ ಒಪ್ಪಿತು.

ಒಂದು ಸಂದೇಹ ಉಳಿದಿದೆ. ಬೀದರ್‌ಗೆ ಹೋದ ಮೇಲೆ ಕಲಬುರಗಿಗೆ ಮರಳುವುದು ಯಾವಾಗ, ಹೇಗೆ?

ಬಿದರಿ, ಬೀದರ್

ಮರಳುವುದಕ್ಕೆ ಅವಸರ ಬೇಡ, ಹಗಲಿನಲ್ಲಂತೂ ಬೇಡ. ಕಲಬುರಗಿಯ ಸರ್ವರ್‌ಗಳು ಎದ್ದಾಗ ಮೇಲ್ ಸೇವೆಗಳು ತಾನಾಗಿ ಆರಂಭವಾಗಬಾರದು. ಅವು ಮೊದಲು ಬರಿಯ ಪ್ರತಿ ಪಡೆಯುವ ಸ್ಥಾನದಲ್ಲಿ ನಿಲ್ಲಬೇಕು. ಬೀದರ್‌ನಿಂದ ಹಿಮ್ಮುಖವಾಗಿ ಸಿಂಕ್ ನಡೆದು ಪೂರ್ಣವಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಬೀದರ್‌ನಲ್ಲಿ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ನಿಲ್ಲಿಸಿರಿ. ಕೊನೆಯ ಸಲ ಸಿಂಕ್ ಮಾಡಿ, ಕೆಲವು ಮೇಲ್‌ಬಾಕ್ಸ್‌ಗಳಲ್ಲಿ ಮೇಲ್‌ಗಳ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ಎಂದು ಹೋಲಿಸಿ, ಆಮೇಲೆ ಕಲಬುರಗಿಯಲ್ಲಿ ಆರಂಭಿಸಿರಿ. ಆ ನಡುವೆ ಬಂದ ಮೇಲ್‌ಗಳು ಕಳುಹಿಸಿದವರ ಕ್ಯೂನಲ್ಲಿ ಕಾಯುತ್ತಿರುತ್ತವೆ. ಡಿಎನ್‌ಎಸ್ ಟಿಟಿಎಲ್ ಅನ್ನು (ಹಳೆಯ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) ಹಿಂದಿನ ದಿನವೇ 300 ಸೆಕೆಂಡಿಗೆ ಇಳಿಸಿಡಿ. ಎಂಎಕ್ಸ್‌ನಲ್ಲಿ ಎರಡೂ ಹೆಸರಿಗೆ ಸಮಾನ ಆದ್ಯತೆ ಇಡುವುದನ್ನೂ ಈಗಲೇ ತೆಗೆಯಿರಿ, ಸೇವೆಯಲ್ಲಿಲ್ಲದ ಸರ್ವರಿನ ಹೆಸರು ಅಲ್ಲಿ ಇರುವುದೇ ಬೇಡ.

ಹೊಸ ಸರ್ವರ್ ಬಂದ ಮೇಲೆ, ಬಳಕೆದಾರರನ್ನು ಸೇರಿಸುವ ಮುನ್ನ, ನಡೆಯುತ್ತಿರುವ ಪ್ರೈಮರಿಯ ಪ್ಲಗ್ ಕಿತ್ತು ನೋಡಿರಿ. ಆಮೇಲೆ ಪ್ಲಗ್ ಹಾಕಿಟ್ಟು ನೆಟ್‌ವರ್ಕ್ ಕೇಬಲನ್ನಷ್ಟೇ ಕಿತ್ತು ನೋಡಿರಿ. ಕಳೆದ ವಾರ ನಿಮ್ಮಲ್ಲಿ ಆದದ್ದು ಎರಡನೆಯ ಬಗೆಯದು. ಹೀಗೆ ಪರೀಕ್ಷಿಸುವ ದಿನ ನಾನು ಬೆಳಿಗ್ಗೆಯ ರೈಲಿಗೆ ಕಲಬುರಗಿಗೆ ಬರಬಲ್ಲೆ, ದಿನಾಂಕ ತಿಳಿಸಿರಿ.